ಎಫ್‌ಐಡಿ ಇದೆ, ದುಡ್ಡು ಎಲ್ಲಿ ನಿಂತಿದೆ? ಫ್ರೂಟ್ಸ್ ತಂತ್ರಾಂಶದ ವಿಮರ್ಶೆ

ಬಿತ್ತನೆ ಬೀಜದ ರಿಯಾಯಿತಿಗೆ ಕೃಷಿ ಇಲಾಖೆಗೊಂದು ಕಂತೆ, ಹನಿ ನೀರಾವರಿಗೆ ತೋಟಗಾರಿಕೆ ಇಲಾಖೆಗೊಂದು ಕಂತೆ, ಹುಳು ಸಾಕಣೆ ಮನೆಗೆ ರೇಷ್ಮೆ ಇಲಾಖೆಗೊಂದು ಕಂತೆ. ಪ್ರತಿ ಕಂತೆಯೊಳಗೂ ಅದೇ ಪಹಣಿ, ಅದೇ ಆಧಾರ್, ಅದೇ ಪಾಸ್‌ಬುಕ್, ಅದೇ ಜಾತಿ ಪ್ರಮಾಣಪತ್ರದ ಜೆರಾಕ್ಸ್. ಈ ಜೆರಾಕ್ಸ್ ಸಂಸಾರಕ್ಕೆ ಮಂಗಳ ಹಾಡಲೆಂದು ಕರ್ನಾಟಕ ಸರ್ಕಾರ ಕಟ್ಟಿದ್ದು ಫ್ರೂಟ್ಸ್, ಅಂದರೆ ಫಾರ್ಮರ್ ರಿಜಿಸ್ಟ್ರೇಷನ್ ಅಂಡ್ ಯೂನಿಫೈಡ್ ಬೆನಿಫಿಷಿಯರಿ ಇನ್ಫರ್ಮೇಷನ್ ಸಿಸ್ಟಂ. ಒಮ್ಮೆ ನೋಂದಣಿಯಾದರೆ ಎಫ್‌ಐಡಿ, ಅಂದರೆ ರೈತನ ಗುರುತಿನ ಸಂಖ್ಯೆ ಸಿಗುತ್ತದೆ. ಆಮೇಲೆ ಬೀಜ, ಹನಿ ನೀರಾವರಿ, ಪಿಎಂ-ಕಿಸಾನ್, ಬೆಳೆ ವಿಮೆ, ಬೆಳೆ ಪರಿಹಾರ, ಬೆಂಬಲ ಬೆಲೆ ಖರೀದಿ, ಬ್ಯಾಂಕ್ ಸಾಲ ಎಲ್ಲಕ್ಕೂ ಆ ಸಂಖ್ಯೆಯೇ ಗುರುತು.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಹಣಿ ನೆಟ್ಟಗಿರುವ, ಜಮೀನಿನ ಖಾತೆ ಒಬ್ಬರದೇ ಆಗಿರುವ, ಆಧಾರ್‌ನಲ್ಲಿ ಹೆಸರು ಸರಿಯಿರುವ ರೈತರಿಗೆ ಫ್ರೂಟ್ಸ್ ನಿಜಕ್ಕೂ ಒಳ್ಳೆಯ ತಂತ್ರಾಂಶ. ಹತ್ತಾರು ಓಡಾಟ ಉಳಿಸುತ್ತದೆ. ಈ ಮೂರರಲ್ಲಿ ಒಂದು ಸೊಟ್ಟಗಿದ್ದರೂ ಅದೇ ತಂತ್ರಾಂಶ ಗೋಡೆಯಾಗುತ್ತದೆ. ಫ್ರೂಟ್ಸ್ ತನ್ನದೇ ತಪ್ಪಿನಿಂದ ಕೆಡುವುದು ಕಡಿಮೆ. ಭೂಮಿ (ಪಹಣಿಯ ತಂತ್ರಾಂಶ), ಆಧಾರ್, ಬೆಳೆ ಸಮೀಕ್ಷೆ, ಬ್ಯಾಂಕ್ ಎಂಬ ನಾಲ್ಕು ಬೇರೆ ಬೇರೆ ದಫ್ತರಗಳ ತಪ್ಪು ಇಲ್ಲಿ ಬಂದು ಸೇರುತ್ತದೆ, ಆದರೆ ಯಾವ ದಫ್ತರದ ತಪ್ಪು ಎಂದು ಕಿಟಕಿಯ ಮುಂದೆ ನಿಂತವರಿಗೆ ಯಾರೂ ಹೇಳುವುದಿಲ್ಲ.

ತಳಪಾಯ ಎಲ್ಲಿದೆ

ಫ್ರೂಟ್ಸ್ ನಿಂತಿರುವುದು ಭೂಮಿ ತಂತ್ರಾಂಶದ ಮೇಲೆ. ಶಾನುಭೋಗರ ಕಾಲದಿಂದ ಕೈಬರಹದಲ್ಲಿದ್ದ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಗಣಕಕ್ಕೆ ಏರಿಸಿದ ಯೋಜನೆ ಅದು. ಆಗಿನ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಸೇರಿದವು; ₹15 ಕೊಟ್ಟರೆ ಕಿಯೋಸ್ಕ್‌ನಲ್ಲಿ ಪಹಣಿ ಕೈಗೆ ಬರುತ್ತಿತ್ತು. ಮ್ಯುಟೇಷನ್, ಅಂದರೆ ಜಮೀನಿನ ಖಾತೆ ಬದಲಾವಣೆ ಕೂಡ ಅದರೊಳಗೇ ನಡೆಯಬೇಕೆಂಬ ನಿಯಮ ಮಾಡಿದ್ದು ಭೂಮಿಯ ದೊಡ್ಡ ಗೆಲುವು. ದಾಖಲೆಯನ್ನು ಗಣಕೀಕರಿಸಿ, ಬದಲಾವಣೆಯನ್ನು ಕಾಗದದಲ್ಲೇ ಬಿಟ್ಟಿದ್ದರೆ ಎರಡೇ ವರ್ಷದಲ್ಲಿ ಅಷ್ಟೂ ಕೆಲಸ ಹಳಸಿಹೋಗುತ್ತಿತ್ತು.

ಹೀಗೆ ತಳಪಾಯದಿಂದ ಹಂತಹಂತವಾಗಿ ಕಟ್ಟುವ ಕ್ರಮ ಸರಿ ಎಂಬುದಕ್ಕೆ ಉಲ್ಟಾ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿನ ಕೃಷಿ ಇಲಾಖೆಯ ಫಾರ್ಮ್ ಸರ್ವೀಸ್ ಏಜೆನ್ಸಿ, ಕೌಂಟಿ ಕಚೇರಿಗಳಲ್ಲಿದ್ದ ಹಳೆಯ ಎಎಸ್/400 ಯಂತ್ರಗಳನ್ನು ತೆಗೆದು ಎಲ್ಲ ಸಹಾಯಧನವನ್ನೂ ಒಂದೇ ದೊಡ್ಡ ವ್ಯವಸ್ಥೆಯಲ್ಲಿ ಕೂರಿಸಲು ಮೈದಾಸ್ ಎಂಬ ಯೋಜನೆ ಹೂಡಿತು. ಸಿದ್ಧ ವಾಣಿಜ್ಯ ಪ್ಯಾಕೇಜ್ ತಂದು ಅದಕ್ಕೆ ತಮ್ಮ ನಿಯಮಗಳನ್ನು ಹೊಂದಿಸುವ ಲೆಕ್ಕಾಚಾರ. 2014ರ ಜುಲೈನಲ್ಲಿ ಮುಂದಿನ ಕೆಲಸವನ್ನೇ ನಿಲ್ಲಿಸಬೇಕಾಯಿತು. ಸುಮಾರು 42.3 ಕೋಟಿ ಡಾಲರ್ ಖರ್ಚಾಗಿ, ಅಂದುಕೊಂಡಿದ್ದರಲ್ಲಿ ಶೇ 20ರಷ್ಟು ಮಾತ್ರ ಕೈಗೆ ಬಂತು ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2015ರಲ್ಲಿ ವರದಿ ಕೊಟ್ಟಿತು. ಕರ್ನಾಟಕ ಹೀಗೆ ಒಂದೇ ಏಟಿಗೆ ಎಲ್ಲವನ್ನೂ ನುಂಗಲು ಹೋಗಲಿಲ್ಲ. ಮೊದಲು ಪಹಣಿ, ಆಮೇಲೆ ರೈತನ ಗುರುತು, ಅದರ ಮೇಲೆ ಒಂದೊಂದೇ ಯೋಜನೆಯ ಸಣ್ಣ ತಂತ್ರಾಂಶ: ಬೀಜ-ಗೊಬ್ಬರದ ರಿಯಾಯಿತಿಗೆ ‘ಕೆ-ಕಿಸಾನ್’, ವಿಮೆಗೆ ‘ಸಂರಕ್ಷಣೆ’, ಬೆಳೆ ನಷ್ಟಕ್ಕೆ ‘ಪರಿಹಾರ’ ಎಂಬ ತಂತ್ರಾಂಶ. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ: ಕೆಡುವುದೆಲ್ಲ ಒಂದು ತಂತ್ರಾಂಶ ಇನ್ನೊಂದಕ್ಕೆ ಕೈ ಕೊಡುವ ಜಾಗದಲ್ಲಿ.

ನೋಂದಣಿ

ರೈತ ಸಂಪರ್ಕ ಕೇಂದ್ರದಲ್ಲಿ, ತೋಟಗಾರಿಕೆ ಅಥವಾ ರೇಷ್ಮೆ ಕಚೇರಿಯಲ್ಲಿ ಮಾಡಿಸಬಹುದು. ನಾಗರಿಕ ಲಾಗಿನ್‌ನಲ್ಲಿ ಮನೆಯಲ್ಲೇ ಅರ್ಜಿ ಹಾಕಬಹುದು. ಬೇಕಾದ್ದು ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಪಾಸ್‌ಬುಕ್, ಎಲ್ಲ ಜಮೀನಿನ ಸರ್ವೆ ನಂಬರು, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಜಾತಿ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ. ಈ ಆರ್‌ಡಿ ಸಂಖ್ಯೆಯನ್ನು ಹಾಕಿದರೆ ನಾಡಕಚೇರಿ ದಾಖಲೆಯೊಂದಿಗೆ ತಾಳೆಯಾಗುತ್ತದೆ. ಹಾಕದೆ ಬಿಟ್ಟರೆ ಸಾಮಾನ್ಯ ವರ್ಗವೆಂದೇ ಉಳಿದು, ರಿಯಾಯಿತಿಯ ದರ ಇಳಿಯುತ್ತದೆ. ಸಣ್ಣ ರೈತ, ಅತಿ ಸಣ್ಣ ರೈತ ಎಂಬ ವಿಂಗಡಣೆಗೆ ಬೇರೆ ಪ್ರಮಾಣಪತ್ರ ತರಬೇಕಾಗಿಲ್ಲ, ಸೇರಿಸಿದ ಜಮೀನಿನ ವಿಸ್ತೀರ್ಣದಿಂದ ತಂತ್ರಾಂಶವೇ ಲೆಕ್ಕ ಹಾಕುತ್ತದೆ. ಇದು ಚೊಕ್ಕಟವಾದ ಕೆಲಸ.

ಜಮೀನು ಸೇರಿಸುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಆರಿಸಬೇಕು. ಸರ್ನಾಕ್ ಎಂದರೆ ಏನೆಂದು ಪರದೆಯಲ್ಲಿ ಎಲ್ಲೂ ವಿವರಣೆ ಇಲ್ಲ. ಪಹಣಿಯಲ್ಲಿ ಸರ್ವೆ ನಂಬರಿನ ಜೊತೆ ನಕ್ಷತ್ರ ಚಿಹ್ನೆ ಇದ್ದರೆ ಇಲ್ಲೂ ಅದನ್ನೇ ಆರಿಸಬೇಕು, ಅಷ್ಟೆ. ಆಮೇಲೆ ಭೂಮಿಯಿಂದ 9ನೇ ಕಲಂನ ಖಾತೆದಾರರ ಪಟ್ಟಿ ಬರುತ್ತದೆ. ಅದರಲ್ಲಿ ತಮ್ಮ ಹೆಸರನ್ನು ಗುರುತಿಸಿದ ಮೇಲೆ ಅಧಿಕಾರಿಯ ಲಾಗಿನ್‌ಗೆ ಅನುಮೋದನೆಗೆ ಹೋಗುತ್ತದೆ. ಅನುಮೋದನೆ ಆಗುವ ತನಕ ಎಫ್‌ಐಡಿ ಬಳಕೆಗೆ ಬಾರದು. ಅರ್ಜಿ ಹಾಕಿ ತಿಂಗಳಾದರೂ ಸಂಖ್ಯೆ ಬರಲಿಲ್ಲವೆಂದು ಇನ್ನೊಂದು ಅರ್ಜಿ ಹಾಕುವ ಬದಲು, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್ ಸಂಖ್ಯೆ ಕೊಟ್ಟು ಬಾಕಿ ಪಟ್ಟಿಯಲ್ಲಿದೆಯೇ ಎಂದು ನೋಡಿಸುವುದು ಚುರುಕಾದ ದಾರಿ. ಎಫ್‌ಐಡಿ ಮರೆತಿದ್ದರೆ ಫ್ರೂಟ್ಸ್‌ನ ಪಿಎಂ-ಕಿಸಾನ್ ಪುಟದಲ್ಲಿ ಆಧಾರ್ ಸಂಖ್ಯೆ ಹಾಕಿ ತಿಳಿದುಕೊಳ್ಳಬಹುದು.

ಬಹಳ ಮಂದಿ ಎಡವುವುದು ಇಲ್ಲಿ: 2019ರಲ್ಲಿ ಪಿಎಂ-ಕಿಸಾನ್ ಬಂದಾಗ ತರಾತುರಿಯಲ್ಲಿ ಒಂದೇ ಒಂದು ಸರ್ವೆ ನಂಬರ್ ಕೊಟ್ಟು ಎಫ್‌ಐಡಿ ಮಾಡಿಸಿದರು. ಆ ಯೋಜನೆಗೆ ಒಂದು ತುಂಡು ನೆಲವಿದ್ದರೂ ಸಾಕು, ವರ್ಷಕ್ಕೆ ₹6,000 ಬರುತ್ತದೆ. ಹಾಗಾಗಿ ಉಳಿದ ಜಮೀನು ಸೇರಿಲ್ಲವೆಂಬುದು ಗೊತ್ತೇ ಆಗಲಿಲ್ಲ. ಬೆಳೆ ಪರಿಹಾರದ ಲೆಕ್ಕ ಹಾಗಲ್ಲ. ಅದು ಸರ್ವೆ ನಂಬರಿನ ಮೇಲೆ ನಡೆಯುತ್ತದೆ. 2023ರ ಮುಂಗಾರಿನಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದಾಗ, ಎಲ್ಲ ಸರ್ವೆ ನಂಬರುಗಳನ್ನೂ ಎಫ್‌ಐಡಿಗೆ ಸೇರಿಸಿ ಎಂದು ಊರೂರಲ್ಲಿ ಡಂಗುರ ಸಾರಿಸಬೇಕಾಗಿ ಬಂದದ್ದು ಈ ಕಾರಣಕ್ಕೆ. ಕೊಂಡ ಜಮೀನು, ಪಾಲಿಗೆ ಬಂದ ಜಮೀನು ತಾನಾಗಿಯೇ ಎಫ್‌ಐಡಿಗೆ ಬಂದು ಕೂರುತ್ತದೆ ಎಂದು ನಂಬಿ ಕೂರಬಾರದು. ಮ್ಯುಟೇಷನ್ ಮುಗಿದು ಪಹಣಿ ಬದಲಾದ ವಾರದಲ್ಲೇ ಹೋಗಿ ಸೇರಿಸಿಕೊಳ್ಳಬೇಕು. ಮ್ಯುಟೇಷನ್ ನಡೆಯುವುದು ಭೂಮಿಯಲ್ಲಿ, ಎಫ್‌ಐಡಿ ಜಮೀನು ಎಳೆಯುವುದೂ ಭೂಮಿಯಿಂದ. ಹಾಗಿದ್ದ ಮೇಲೆ ಮ್ಯುಟೇಷನ್ ಮಂಜೂರಾದ ಕೂಡಲೇ ಹಳೆಯವರ ಎಫ್‌ಐಡಿಯಿಂದ ತೆಗೆದು ಹೊಸಬರದಕ್ಕೆ ಹಾಕುವುದು ತಂತ್ರಾಂಶಕ್ಕೆ ಕಷ್ಟದ ಮಾತಲ್ಲ. ಈ ಒಂದು ಕೊಂಡಿ ಬಿಗಿಯಾದರೆ ಅರ್ಧ ದೂರು ಕರಗುತ್ತವೆ.

ಹೆಸರಿನ ರಗಳೆ

ಪಹಣಿ ಕನ್ನಡದಲ್ಲಿದೆ, ‘ತಿಮ್ಮಪ್ಪ ಬಿನ್ ರಂಗಪ್ಪ’ ಎಂಬ ಜಾಯಮಾನದ್ದು. ಆಧಾರ್ ಇಂಗ್ಲಿಷಿನಿಂದ ಬಂದದ್ದು, ಅಲ್ಲಿ ‘ತಿಮ್ಮಪ್ಪ ಆರ್’. ಹೆಣ್ಣುಮಕ್ಕಳದು ಇನ್ನೂ ಗೋಜಲು: ಒಂದು ಪಹಣಿಯಲ್ಲಿ ತಂದೆಯ ಹೆಸರಿನೊಂದಿಗೆ ‘ಬಿನ್’, ಇನ್ನೊಂದರಲ್ಲಿ ಗಂಡನ ಹೆಸರಿನೊಂದಿಗೆ ‘ಕೋಂ’, ಆಧಾರ್‌ನಲ್ಲಿ ಎರಡೂ ಅಲ್ಲದ ಮೂರನೆಯ ರೂಪ. ಗಣಕ ಇವನ್ನು ಅಕ್ಷರ ಅಕ್ಷರ ತಾಳೆ ನೋಡಿದರೆ ಹೊಂದುವುದೇ ಇಲ್ಲ. ಅದಕ್ಕೇ ಎಷ್ಟರಮಟ್ಟಿಗೆ ಹೋಲುತ್ತದೆ ಎಂದು ನೋಡುವ ಏರ್ಪಾಟು, ಹೋಲದಿದ್ದಾಗ ಅಧಿಕಾರಿ ದಾಖಲೆ ಪರಿಶೀಲಿಸಿ ಒಪ್ಪುವ ಅವಕಾಶ ಬೇಕಾಗುತ್ತದೆ. ಸಣ್ಣ ಕಾಗುಣಿತ ವ್ಯತ್ಯಾಸವನ್ನು ಅನುಮೋದನೆಯ ಹಂತದಲ್ಲೇ ಬಗೆಹರಿಸಿಕೊಳ್ಳಿ. ಆಧಾರ್ ತಿದ್ದಿಸಿ ಬನ್ನಿ ಎಂದು ಯಾರೋ ಹೇಳಿದರೆಂದು ಓಡಬೇಡಿ; ಆಧಾರ್‌ನ ಹೆಸರು ಬದಲಾದರೆ ಬ್ಯಾಂಕು, ಪಡಿತರ ಚೀಟಿ, ವಿಮೆ ಎಲ್ಲ ಕಡೆ ಹೊಸ ವ್ಯತ್ಯಾಸ ಹುಟ್ಟುತ್ತದೆ. ಪಹಣಿಯಲ್ಲಿ ಹೆಸರೇ ತಪ್ಪಿದ್ದರೆ ಮಾತ್ರ ತಾಲ್ಲೂಕು ಕಚೇರಿಯಲ್ಲಿ ತಿದ್ದುಪಡಿಗೆ ಅರ್ಜಿ ಕೊಡುವುದು ಅನಿವಾರ್ಯ, ಅದಕ್ಕೆ ಹಳೆಯ ಕೈಬರಹದ ಪಹಣಿ ಅಥವಾ ಮ್ಯುಟೇಷನ್ ಪ್ರತಿ ಜೊತೆಗಿರಲಿ.

2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮನೆಮನೆಗೆ ಬಂದು ಪಹಣಿಗೆ ಆಧಾರ್ ಜೋಡಿಸಲು ಶುರುಮಾಡಿದರು. ಇದು ಎಫ್‌ಐಡಿಗಿಂತ ಬೇರೆಯ ಕೆಲಸ. ಎಫ್‌ಐಡಿ ಇದೆಯೆಂದು ಇದನ್ನು ಬಿಡುವುದೂ, ಇದು ಆಗಿದೆಯೆಂದು ಎಫ್‌ಐಡಿ ಬಿಡುವುದೂ ಎರಡೂ ತಪ್ಪು.

ಸತ್ತವರ ಹೆಸರು, ಕೂಡಿದವರ ಖಾತೆ

ತಾತನ ಹೆಸರಲ್ಲೇ ಪಹಣಿ ನಿಂತಿದ್ದರೆ ಫ್ರೂಟ್ಸ್ ಮುಂದಕ್ಕೆ ಹೆಜ್ಜೆಯನ್ನೇ ಇಡುವುದಿಲ್ಲ, ಇಡಲೂಬಾರದು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸಬೇಕು. ಇದಕ್ಕೆ ಬೇರೆ ದಾರಿಯೇ ಇಲ್ಲ.

ಜಂಟಿ ಖಾತೆಯದು ಸೂಕ್ಷ್ಮ. ನಾಲ್ವರು ಅಣ್ಣತಮ್ಮಂದಿರ ಹೆಸರು 9ನೇ ಕಲಂನಲ್ಲಿದೆ, ವಿಸ್ತೀರ್ಣ ಮಾತ್ರ ಒಟ್ಟಿಗೆ 6 ಎಕರೆ 10 ಗುಂಟೆ ಎಂದಿದೆ. ಯಾರ ಪಾಲು ಎಷ್ಟು ಎಂಬುದು ಪಹಣಿಯಲ್ಲೇ ಇಲ್ಲ. ಇಲ್ಲದ್ದನ್ನು ಯಾವ ತಂತ್ರಾಂಶವೂ ಹುಟ್ಟಿಸಲಾರದು. ಮನೆಯಲ್ಲಿ ಬಾಯಿಮಾತಿನ ಪಾಲಾಗಿ ಇಪ್ಪತ್ತು ವರ್ಷವಾಗಿರಬಹುದು, ಬದುವೂ ಹಾಕಿರಬಹುದು; ಗಣಕಕ್ಕೆ ಅದು ಒಂದೇ ತಾಕು. ಹೀಗಾಗಿ ಪರಿಹಾರ ಒಬ್ಬರ ಖಾತೆಗೆ ಹೋಗಿ ಉಳಿದವರು ಕಚೇರಿಗೆ ಅಲೆಯುವುದು, ಇಲ್ಲವೇ ಒಬ್ಬರ ಒಪ್ಪಿಗೆ ಪತ್ರ ಇಲ್ಲದೆ ಎಲ್ಲರದೂ ನಿಲ್ಲುವುದು. ಸರಿಯಾದ ಮದ್ದು ವಿಭಾಗ ಮಾಡಿಕೊಂಡು, ಭೂಮಾಪಕರಿಂದ ಪಾಲಿನ ಗಡಿ ತೋರಿಸುವ 11ಇ ನಕ್ಷೆ ಮಾಡಿಸಿ, ಹೊಸ ಹಿಸ್ಸಾ (ಸರ್ವೆ ನಂಬರಿನ ಉಪಭಾಗ) ನಂಬರಿನ ಪಹಣಿ ಪಡೆಯುವುದು. ಸಮಯ ಹಿಡಿಯುವ ಕೆಲಸ. ಸರ್ಕಾರದಿಂದ ಮಂಜೂರಾದ ಜಮೀನಾಗಿದ್ದು ಪೋಡಿ (ಅಳತೆ ಮಾಡಿ ಬೇರ್ಪಡಿಸುವುದು) ಆಗದಿದ್ದರೆ ಇನ್ನೂ ನಿಧಾನ.

ಪಿಎಂ-ಕಿಸಾನ್‌ಗೆ ಇಲ್ಲೊಂದು ಕೊಕ್ಕೆ ಇದೆ. ಆ ಯೋಜನೆಗೆ 2019ರ ಫೆಬ್ರುವರಿ 1ರಂದು ಜಮೀನು ಯಾರ ಹೆಸರಲ್ಲಿತ್ತು ಎಂಬುದೇ ಲೆಕ್ಕ. ಆಮೇಲೆ ಕೊಂಡವರಿಗೂ, ಅಪ್ಪ ಬದುಕಿರುವಾಗಲೇ ಪಾಲು ಪಡೆದ ಮಕ್ಕಳಿಗೂ ಬರುವುದಿಲ್ಲ. ಖಾತೆದಾರರು ತೀರಿಹೋಗಿ ವಾರಸುದಾರರಿಗೆ ಬಂದ ಜಮೀನಿಗೆ ಮಾತ್ರ ವಿನಾಯಿತಿ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದೇ ಕುಟುಂಬ, ಹಣ ಒಬ್ಬರಿಗೆ ಮಾತ್ರ. ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರು ಕುಟುಂಬದಲ್ಲಿದ್ದರೆ ಅದೂ ಇಲ್ಲ. ಇವೆಲ್ಲ ತಂತ್ರಾಂಶದ ದೋಷವಲ್ಲ, ನಿಯಮ. ಆದರೆ ಪರದೆಯಲ್ಲಿ ನಿಯಮದಿಂದ ತಿರಸ್ಕಾರವಾದದ್ದೂ, ಹೆಸರು ಹೊಂದದೆ ತಿರಸ್ಕಾರವಾದದ್ದೂ ಒಂದೇ ಬಣ್ಣದಲ್ಲಿ ಕಂಡರೆ ಜನ ಸರ್ವರ್ ಸರಿಯಿಲ್ಲ ಎಂದೇ ಬೈಯುತ್ತಾರೆ.

ಗುಂಟೆ, ಹೆಕ್ಟೇರ್, ಮತ್ತು ಒಂದು ಚುಕ್ಕಿ

ಪಹಣಿ ಎಕರೆ-ಗುಂಟೆಯಲ್ಲಿ, ಪರಿಹಾರದ ದರ ಹೆಕ್ಟೇರಿನಲ್ಲಿ. 40 ಗುಂಟೆ ಒಂದು ಎಕರೆ. ಒಂದು ಎಕರೆ 0.4047 ಹೆಕ್ಟೇರ್. 2022ರಿಂದ 2026ರವರೆಗಿನ ವಿಪತ್ತು ಪರಿಹಾರ ಮಾರ್ಗಸೂಚಿಯಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ₹8,500, ನೀರಾವರಿಗೆ ₹17,000, ಬಹುವಾರ್ಷಿಕ ಬೆಳೆಗೆ ₹22,500, ಗರಿಷ್ಠ 2 ಹೆಕ್ಟೇರ್. ಅಂದರೆ ಮಿತಿ ಸುಮಾರು 4 ಎಕರೆ 38 ಗುಂಟೆ. ರಾಜ್ಯ ತನ್ನ ಪಾಲು ಸೇರಿಸಿದಾಗ ಮೊತ್ತ ಹೆಚ್ಚಾಗುತ್ತದೆ.

1 ಎಕರೆ 20 ಗುಂಟೆ ಖುಷ್ಕಿ ಜಮೀನಿಗೆ ಲೆಕ್ಕ ಹಾಕೋಣ. ಅದು ಒಂದೂವರೆ ಎಕರೆ, 0.607 ಹೆಕ್ಟೇರ್, ಮೊತ್ತ ಸುಮಾರು ₹5,160. ಇದನ್ನೇ ‘1.20’ ಎಂದು ಬರೆದುಕೊಂಡು ಎಕ್ಸೆಲ್ ಹಾಳೆಗೆ ಹಾಕಿದರೆ ಗಣಕ ಒಂದು ದಶಮಾಂಶ ಎರಡು ಎಕರೆ ಎಂದು ಓದುತ್ತದೆ; ಮೊತ್ತ ₹4,128ಕ್ಕೆ ಇಳಿಯುತ್ತದೆ. ಒಂದು ಚುಕ್ಕಿಗೆ ಸಾವಿರದ ಮೂವತ್ತೆರಡು ರೂಪಾಯಿ. ತಂತ್ರಾಂಶದಿಂದ ತಂತ್ರಾಂಶಕ್ಕೆ ನೇರವಾಗಿ ಹೋಗುವ ಅಂಕಿಗಿಂತ, ನಡುವೆ ಹಾಳೆಗೆ ಇಳಿಸಿ ಮತ್ತೆ ಏರಿಸುವಾಗ ಇಂಥದ್ದು ನುಸುಳುತ್ತದೆ. ಬಂದ ಹಣ ಕಡಿಮೆ ಅನ್ನಿಸಿದರೆ ಮೊದಲು ಈ ಲೆಕ್ಕ ಹಾಕಿ ನೋಡಿ. ಖರಾಬು (ಸಾಗುವಳಿಗೆ ಬಾರದ ನೆಲ) ಕಳೆದ ವಿಸ್ತೀರ್ಣವೇ ಲೆಕ್ಕಕ್ಕೆ ಬರುವುದು ಎಂಬುದೂ ನೆನಪಿರಲಿ.

ಬೆಳೆ ಸಮೀಕ್ಷೆ: ಸರಪಳಿಯ ಸಡಿಲ ಕೊಂಡಿ

ಜಮೀನು ಯಾರದೆಂದು ಎಫ್‌ಐಡಿ ಹೇಳುತ್ತದೆ. ಅದರಲ್ಲಿ ಏನು ಬೆಳೆದಿದೆ ಎಂದು ಹೇಳುವುದು ಬೆಳೆ ಸಮೀಕ್ಷೆ. ಮುಂಗಾರು, ಹಿಂಗಾರು, ಬೇಸಿಗೆ ಮೂರೂ ಹಂಗಾಮಿಗೆ ನಡೆಯುತ್ತದೆ. ಊರಿನವರನ್ನೇ ‘ಖಾಸಗಿ ನಿವಾಸಿ’ಗಳೆಂದು ಇದಕ್ಕೆ ನೇಮಿಸುತ್ತಾರೆ. 2020ರಿಂದ ರೈತರೇ ತಮ್ಮ ಮೊಬೈಲ್‌ನಲ್ಲಿ ಮಾಡುವ ಆ್ಯಪ್ ಕೂಡ ಇದೆ. ಓಟಿಪಿ ಕೊಟ್ಟು ಒಳಹೊಕ್ಕು, ವರ್ಷ ಮತ್ತು ಹಂಗಾಮು ಆರಿಸಿ, ಸರ್ವೆ ನಂಬರ್ ಸೇರಿಸಿ, ನಕ್ಷೆಯಲ್ಲಿ ಕಾಣುವ ಗಡಿಯೊಳಗೆ ನಿಂತು, ಬೆಳೆ, ವಿಸ್ತೀರ್ಣ, ನೀರಾವರಿ ಬಗೆ ತುಂಬಿ, ಫೋಟೊ ತೆಗೆದು ಅಪ್‌ಲೋಡ್ ಮಾಡಬೇಕು. ಆ್ಯಪ್ ಸರಳವಾಗಿಯೇ ಇದೆ. ಹೊಲದಲ್ಲಿ ಸಿಗ್ನಲ್ ಇಲ್ಲದಿದ್ದರೆ ಫೋಟೊ ಉಳಿಸಿಕೊಂಡು ಮನೆಗೆ ಬಂದ ಮೇಲೆ ಏರಿಸಬಹುದು. ಏರಿಸುವುದನ್ನು ಮರೆತರೆ ಸಮೀಕ್ಷೆ ಆಗಿಯೇ ಇಲ್ಲ ಎಂದರ್ಥ.

ತೊಡಕು ನಕ್ಷೆಯಲ್ಲಿ. ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಗೆರೆಗಳು ಕೆಲವು ಕಡೆ ಸರಿದಿರುತ್ತವೆ. ಮೊಬೈಲ್‌ನ ಜಿಪಿಎಸ್ ಕೂಡ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಐದು ಎಕರೆ ಹೊಲದಲ್ಲಿ ಇದು ಲೆಕ್ಕಕ್ಕಿಲ್ಲ. ಹನ್ನೆರಡು ಗುಂಟೆಯ ಉದ್ದನೆಯ ಪಟ್ಟಿಯಲ್ಲಿ ನಿಂತವರನ್ನು ಮಾತ್ರ ಅದು ಪಕ್ಕದವರ ಹೊಲಕ್ಕೆ ತಳ್ಳುತ್ತದೆ. ಬದುವಿನ ಮೇಲೆ ನಿಲ್ಲದೆ ತಾಕಿನ ನಟ್ಟನಡುವೆ, ಮರದ ನೆರಳಿಲ್ಲದ ಕಡೆ ಒಂದೆರಡು ನಿಮಿಷ ನಿಂತು ಜಿಪಿಎಸ್ ತೋರಿಸುವ ತಪ್ಪಿನ ಅಂತರ ಇಳಿದ ಮೇಲೆ ಫೋಟೊ ತೆಗೆದರೆ ಬಹುಪಾಲು ಸರಿಹೋಗುತ್ತದೆ.

ಎರಡನೆಯದು ಮಿಶ್ರ ಬೆಳೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ, ಸಾಸಿವೆ ಹಾಕುವ ಹೊಲವನ್ನು ಒಂದು ಬೆಳೆಯ ಹೆಸರಿನಲ್ಲಿ ಹಿಡಿದಿಡಲು ಆಗದು. ಸಮೀಕ್ಷೆಗೆ ಬಂದವರು ರಾಗಿ ಎಂದಷ್ಟೇ ಬರೆದು ಹೋದರೆ, ಅದೇ ಹೊಲದ ತೊಗರಿಗೆ ಮಾಡಿಸಿದ ವಿಮೆ ಕುತ್ತಿಗೆಗೆ ಬರುತ್ತದೆ. ಸಂರಕ್ಷಣೆ ಪೋರ್ಟಲ್‌ನಲ್ಲಿ ವಿಮೆಗೆ ಹೇಳಿದ ಬೆಳೆಯನ್ನು ಸಮೀಕ್ಷೆಯ ಬೆಳೆಯೊಂದಿಗೆ ತಾಳೆ ಹಾಕುತ್ತಾರೆ. ಹೊಂದದಿದ್ದರೆ ಆ ಅರ್ಜಿ ತಿರಸ್ಕಾರದ ಪಟ್ಟಿಗೆ ಹೋಗುತ್ತದೆ. ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5 ಕಂತು ಕಟ್ಟಿ ವರ್ಷವಾದ ಮೇಲೆ ಇದು ಗೊತ್ತಾದರೆ ಏನು ಪ್ರಯೋಜನ?

ಆದ್ದರಿಂದ ಸಮೀಕ್ಷೆ ಮುಗಿದ ಮೇಲೆ ಬೆಳೆ ದರ್ಶಕ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ, ತಮ್ಮ ಹೊಲಕ್ಕೆ ಯಾವ ಬೆಳೆ ಬರೆದಿದ್ದಾರೆ, ಯಾವ ಫೋಟೊ ಹಾಕಿದ್ದಾರೆ ಎಂದು ನೋಡಲೇಬೇಕು. ತಪ್ಪಿದ್ದರೆ ಆಕ್ಷೇಪಣೆ ಅಲ್ಲೇ ಸಲ್ಲಿಸಬಹುದು. ಅದಕ್ಕೆ ಗಡುವಿದೆ, ಬೆಳೆ ಹೊಲದಲ್ಲಿ ನಿಂತಿರುವಾಗಲೇ ಸಲ್ಲಿಸಿದರೆ ಪರಿಶೀಲನೆಗೆ ಬಂದವರಿಗೆ ಸಾಕ್ಷಿ ಕಣ್ಣೆದುರೇ ಇರುತ್ತದೆ, ಕೊಯ್ಲಾದ ಮೇಲೆ ಕೂಳೆ ತೋರಿಸಿ ವಾದ ಮಾಡಬೇಕಾಗುತ್ತದೆ. ಆಲಿಕಲ್ಲು, ಮುಳುಗಡೆಯಂಥ ಸ್ಥಳೀಯ ನಷ್ಟವಾದರೆ 72 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕೆಂಬುದು ಬೇರೆ ನಿಯಮ. ಸಮೀಕ್ಷೆಯ ದಾಖಲೆ ಅದಕ್ಕೆ ಬದಲಿಯಲ್ಲ.

ಕೊನೆಯ ಮೈಲಿ: ಬ್ಯಾಂಕು

ಎಲ್ಲ ಸರಿಯಿದ್ದು, ಖಜಾನೆಯಿಂದ ಹಣ ಹೊರಟು, ಖಾತೆಗೆ ಬಾರದೆ ಹಿಂತಿರುಗುವುದು ಎಲ್ಲಕ್ಕಿಂತ ಸಿಟ್ಟು ಬರಿಸುವ ಸಂಗತಿ. ಇದರ ಒಳಗುಟ್ಟು ಬಹಳ ಜನಕ್ಕೆ ಗೊತ್ತಿಲ್ಲ. ಆಧಾರ್ ಆಧಾರಿತ ಪಾವತಿಯಲ್ಲಿ ಎಫ್‌ಐಡಿಗೆ ಕೊಟ್ಟ ಪಾಸ್‌ಬುಕ್‌ನ ಖಾತೆ ಸಂಖ್ಯೆಯನ್ನು ನೋಡುವುದೇ ಇಲ್ಲ. ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಬಳಿ ಒಂದು ಪಟ್ಟಿ ಇದೆ; ಪ್ರತಿ ಆಧಾರ್ ಸಂಖ್ಯೆಯ ಎದುರು ಒಂದು ಬ್ಯಾಂಕಿನ ಗುರುತು ಮಾತ್ರ ಇರುತ್ತದೆ. ಹಣ ಆ ಬ್ಯಾಂಕಿಗೆ ಹೋಗುತ್ತದೆ, ಯಾವ ಖಾತೆಗೆ ಜಮಾ ಮಾಡಬೇಕೆಂದು ಬ್ಯಾಂಕು ತನ್ನ ದಾಖಲೆ ನೋಡಿ ನಿರ್ಧರಿಸುತ್ತದೆ. ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಒಪ್ಪಿಗೆ ಕೊಟ್ಟು ಜೋಡಿಸಿದಿರೋ ಅದೇ ಚಾಲ್ತಿ. ಸಿಮ್ ಕೊಳ್ಳುವಾಗ ಮೊಬೈಲ್ ಅಂಗಡಿಯಲ್ಲಿ ಬೆರಳೊತ್ತಿ ತೆರೆದ ಪೇಮೆಂಟ್ ಬ್ಯಾಂಕ್ ಖಾತೆಗೆ ಬರ ಪರಿಹಾರ ಹೋಗಿ ಕೂತಿರುವುದು ಹೀಗೆ. ಹಣ ಕಳೆದಿಲ್ಲ, ನೋಡದ ಖಾತೆಯಲ್ಲಿದೆ.

ಹಣ ಬಾರದಿದ್ದರೆ ಹೀಗೆ ಹುಡುಕಿ. ಮೈ ಆಧಾರ್ ಜಾಲತಾಣಕ್ಕೆ ಓಟಿಪಿಯಿಂದ ಹೋಗಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿ. ಯಾವ ಬ್ಯಾಂಕು, ಸಕ್ರಿಯವೋ ಅಲ್ಲವೋ ಎರಡೂ ತಿಳಿಯುತ್ತದೆ. ರಾಜ್ಯದ ಯೋಜನೆಯಾದರೆ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಪಾವತಿ ದಿನಾಂಕ ಸಿಗುತ್ತದೆ. ಪಟ್ಟಿಯಲ್ಲಿ ಬೇಡದ ಬ್ಯಾಂಕಿದ್ದರೆ ಬೇಕಾದ ಬ್ಯಾಂಕಿನ ಶಾಖೆಗೆ ಹೋಗಿ ಎನ್‌ಪಿಸಿಐ ಜೋಡಣೆಯ ಒಪ್ಪಿಗೆ ನಮೂನೆ ತುಂಬಿ. ‘ಆಧಾರ್ ಲಿಂಕ್ ಆಗಿದೆ’ ಎಂದು ಶಾಖೆಯವರು ಹೇಳಿದರೆ ಅಷ್ಟಕ್ಕೇ ಬರಬೇಡಿ. ಖಾತೆಗೆ ಆಧಾರ್ ಸೇರಿಸುವುದು ಬೇರೆ, ಎನ್‌ಪಿಸಿಐ ಪಟ್ಟಿಯಲ್ಲಿ ಆ ಬ್ಯಾಂಕನ್ನು ಕೂರಿಸುವುದು ಬೇರೆ. ಮೊದಲನೆಯದು ಮಾತ್ರ ಆಗಿ ಎರಡನೆಯದು ಆಗದಿರುವುದೇ ಹೆಚ್ಚು. ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಕೆವೈಸಿ ಮತ್ತೆ ಮಾಡಿಸಬೇಕು.

ಪಿಎಂ-ಕಿಸಾನ್‌ಗೆ ಇದರ ಮೇಲೆ ಇ-ಕೆವೈಸಿ ಬೇರೆ. ಓಟಿಪಿ ಸುಲಭ. ಮೊಬೈಲ್ ಜೋಡಿಸದವರು ಬೆರಳಚ್ಚು ಕೊಡಬೇಕು. ಮಣ್ಣಿನ ಕೆಲಸದಲ್ಲಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಸಿಗುವುದಿಲ್ಲ. ಅಂಥವರಿಗೆ 2023ರಿಂದ ಮುಖ ತೋರಿಸಿ ದೃಢೀಕರಿಸುವ ಸೌಲಭ್ಯ ಪಿಎಂ-ಕಿಸಾನ್ ಆ್ಯಪ್‌ನಲ್ಲಿದೆ. ವಯಸ್ಸಾದವರ ಮನೆಯಲ್ಲೇ ಮಾಡಿಬಿಡಬಹುದು.

ಸಾಲದ ಬದಿ

ಫ್ರೂಟ್ಸ್‌ನಲ್ಲಿ ನಿಜವಾಗಿ ಬೆನ್ನು ತಟ್ಟಬೇಕಾದ ಭಾಗ ಬ್ಯಾಂಕ್ ಜೋಡಣೆ. ಬೆಳೆ ಸಾಲಕ್ಕೆ ಹೋದಾಗ ಎಫ್‌ಐಡಿ ಹೇಳಿದರೆ ಬ್ಯಾಂಕಿನವರಿಗೆ ಜಮೀನಿನ ವಿವರ, ಅದರ ಮೇಲೆ ಈಗಾಗಲೇ ಇರುವ ಸಾಲ ಎರಡೂ ಕಾಣುತ್ತದೆ. 1974ರ ಕೃಷಿ ಸಾಲ ಕಾಯ್ದೆಯಡಿ ಕೊಡುವ ನಮೂನೆ 3ರ ಘೋಷಣೆ ಗಣಕದಲ್ಲೇ ಉಪನೋಂದಣಿ ಕಚೇರಿಗೆ ಹೋಗಿ, ಪಹಣಿಯ 11ನೇ ಕಲಂನಲ್ಲಿ ಋಣ ದಾಖಲಾಗುತ್ತದೆ. ಕಾಗದ ಹಿಡಿದು ಮೂರು ಕಚೇರಿ ಸುತ್ತುವುದು ತಪ್ಪಿತು. ಒಂದೇ ಪಹಣಿ ಇಟ್ಟು ಎರಡು ಬ್ಯಾಂಕಿನಲ್ಲಿ ಸಾಲ ಎತ್ತುವುದೂ ಕಷ್ಟವಾಯಿತು.

ಹೊರಗುಳಿದವರು

ಇಡೀ ವ್ಯವಸ್ಥೆ ಪಹಣಿಯ 9ನೇ ಕಲಂನಿಂದ ಶುರುವಾಗುವುದರಿಂದ, ಆ ಕಲಂನಲ್ಲಿ ಹೆಸರಿಲ್ಲದವರು ಗಣಕಕ್ಕೆ ಕಾಣುವುದೇ ಇಲ್ಲ. ಕೋರಿಗೆ, ಗುತ್ತಿಗೆಗೆ ಮಾಡುವವರು ಬೀಜ ಗೊಬ್ಬರಕ್ಕೆ ಸಾಲ ಮಾಡುತ್ತಾರೆ, ನಷ್ಟವನ್ನೂ ಅವರೇ ಹೊರುತ್ತಾರೆ. ಪರಿಹಾರ ಹೋಗುವುದು ಪಟ್ಟಣದಲ್ಲಿರುವ ಖಾತೆದಾರರಿಗೆ. ಇದನ್ನು ತಂತ್ರಾಂಶದ ತಲೆಗೆ ಕಟ್ಟುವುದು ಅನ್ಯಾಯ. 1961ರ ಭೂ ಸುಧಾರಣಾ ಕಾಯ್ದೆ, 1974ರ ತಿದ್ದುಪಡಿಯ ನಂತರ, ಕೆಲವೇ ವಿನಾಯಿತಿ ಬಿಟ್ಟರೆ ಗೇಣಿಯನ್ನೇ ನಿಷೇಧಿಸಿದೆ. ಕಾನೂನಿನ ಕಣ್ಣಿಗೆ ಇಲ್ಲದ ಗೇಣಿದಾರನಿಗೆ ಪರದೆಯಲ್ಲಿ ಜಾಗ ಎಲ್ಲಿಂದ ಬರಬೇಕು? ಹಾಗಿದ್ದೂ ಬೆಳೆ ಸಮೀಕ್ಷೆಗೆ ಹೊಲಕ್ಕೆ ಹೋದವರಿಗೆ ಅಲ್ಲಿ ಉಳುತ್ತಿರುವವರು ಯಾರೆಂದು ಕಣ್ಣಿಗೆ ಕಾಣುತ್ತದೆ. ಕಂಡದ್ದನ್ನು, ಹಕ್ಕಿನ ಮಾತು ಎತ್ತದೆ, ಬೀಜ ಮತ್ತು ವಿಮೆಯ ಮಟ್ಟಿಗೆ ಬರೆದುಕೊಳ್ಳುವ ದಾರಿಯನ್ನು ಸರ್ಕಾರ ಹುಡುಕಬಹುದು.

ಅಂಕ ಕೊಡುವುದಾದರೆ, ಭೂಮಿಯಿಂದ ಜಮೀನು ಎಳೆಯುವುದಕ್ಕೆ ಮತ್ತು ಬ್ಯಾಂಕ್ ಜೋಡಣೆಗೆ ಐದಕ್ಕೆ ನಾಲ್ಕೂವರೆ. ನೋಂದಣಿ ಪರದೆಗೆ ಮೂರು. ಪದಗಳು ಕಂದಾಯ ಇಲಾಖೆಯವರಿಗೆ ಬರೆದಂತಿವೆ. ಬೆಳೆ ಸಮೀಕ್ಷೆಗೆ ಮೂರು. ತಪ್ಪಾದಾಗ ತಿಳಿಸುವ ರೀತಿಗೆ ಒಂದು. ತಿರಸ್ಕಾರವಾದ ಪ್ರತಿ ದಾಖಲೆಗೂ ತಂತ್ರಾಂಶದೊಳಗೆ ಕಾರಣದ ಸಂಕೇತ ಇದ್ದೇ ಇರುತ್ತದೆ. ಅದನ್ನೇ ಕನ್ನಡದ ಎರಡು ಸಾಲು ಮಾಡಿ, ‘ಸರ್ವೆ ನಂಬರ್ 42/3 ನಿಮ್ಮ ಎಫ್‌ಐಡಿಯಲ್ಲಿಲ್ಲ, ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ’ ಎಂದೋ, ‘ಆಧಾರ್‌ಗೆ ಯಾವ ಬ್ಯಾಂಕೂ ಜೋಡಣೆಯಾಗಿಲ್ಲ, ನಿಮ್ಮ ಶಾಖೆಗೆ ಹೋಗಿ’ ಎಂದೋ ಮೊಬೈಲ್‌ಗೆ ಕಳಿಸಲು ಹೊಸ ಯೋಜನೆ ಬೇಡ, ಹೊಸ ಟೆಂಡರ್ ಬೇಡ.

ಇನ್ನು, ಸಾಲ ತೀರಿಸಿದವರು ಒಂದು ಕೆಲಸ ಮಾಡಿ. ಬಾಕಿ ಇಲ್ಲ ಎಂಬ ಪತ್ರ ಕೈಗೆ ಬಂದ ಮಾತ್ರಕ್ಕೆ ಪಹಣಿಯಿಂದ ಋಣ ಹೋಗುವುದಿಲ್ಲ, ಬ್ಯಾಂಕು ತನ್ನ ಲಾಗಿನ್‌ನಿಂದ ಋಣ ವಿಮೋಚನೆ ಕಳಿಸಬೇಕು. ಹದಿನೈದು ದಿನ ಬಿಟ್ಟು ಹೊಸ ಪಹಣಿ ತೆಗೆದು 11ನೇ ಕಲಂ ನೋಡಿ. ಹಳೆಯ ಸಾಲ ಇನ್ನೂ ಅಲ್ಲೇ ಇದ್ದರೆ ಆ ಪಹಣಿಯನ್ನೇ ಹಿಡಿದು ಶಾಖೆಗೆ ಹೋಗಿ. ಮುಂದಿನ ಬೆಳೆ ಸಾಲಕ್ಕೆ ಅರ್ಜಿ ಹಾಕುವ ದಿನ ಅದನ್ನು ಕಂಡರೆ ಆ ಹಂಗಾಮು ಕೈತಪ್ಪಿದಂತೆಯೇ.